ಸೂಪರ್‌ಚಾರ್ಜರ್ ಕೂರಿಸುವ ದೋಣಿ ಎಂಜಿನ್ನಿಗೆ ಯಾವ ಕ್ಯಾಮ್‌ಶಾಫ್ಟ್ ಹೊಂದುತ್ತದೆ?

ಪ್ರಶ್ನೆ: ತುಮಕೂರು ಲೇತ್‌ಮನೆ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಸಣ್ಣ ವರ್ಕ್‌ಶಾಪ್ ನನ್ನದು. ಇಷ್ಟು ವರ್ಷ ನಮ್ಮ ಬಾಗಿಲಿಗೆ ಬಂದಿರುವುದೆಲ್ಲ ಲಾರಿ, ಟ್ರ್ಯಾಕ್ಟರ್, ಜನರೇಟರ್ ಎಂಜಿನ್‌ಗಳೇ. ಈ ಸಲ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿಕೊಂಡು ಒಂದು ದೋಣಿ ಎಂಜಿನ್ ಬಂದು ಕೂತಿದೆ. ಬೆಂಗಳೂರಿನ ಗಿರಾಕಿಯೊಬ್ಬರು ವಾರಾಂತ್ಯದಲ್ಲಿ ಓಡಿಸಲೆಂದು ಅಲ್ಲಿ ಇಟ್ಟುಕೊಂಡಿರುವ ಸ್ಪೀಡ್ ಬೋಟಿನದು.

ಎಂಜಿನ್ ಜಿಎಂ ಕಂಪನಿಯ 5.7 ಲೀಟರಿನ ವಿ8, ಅಂದರೆ 350 ಘನ ಇಂಚಿನದು. ಉಪ್ಪುನೀರಿನಿಂದ ಎರಡು ಸಿಲಿಂಡರ್‌ಗಳ ಗೋಡೆಯಲ್ಲಿ ಗುಳಿ ಬಿದ್ದಿದ್ದರಿಂದ ಎಂಟನ್ನೂ 30 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಬೋರ್ ಮಾಡಬೇಕಾಗಿದೆ; ಆಗ ಅದು 355 ಘನ ಇಂಚು ಆಗುತ್ತದೆ. ಹೇಗೂ ಎಂಜಿನ್ ಬಿಚ್ಚಿರುವಾಗ ಮೇಲೆ ಒಂದು ಸಣ್ಣ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗಿ ಎಂಜಿನ್ನಿನೊಳಗೆ ಗಾಳಿ ನೂಕುವ ಬ್ಲೋಯರ್) ಕೂರಿಸಿಬಿಡಿ ಎಂದು ಗಿರಾಕಿ ಅದನ್ನೂ ತರಿಸಿಕೊಟ್ಟಿದ್ದಾರೆ. ಜೊತೆಗೆ ಬಂದಿರುವ ಪುಲ್ಲಿಯ ಲೆಕ್ಕದಲ್ಲಿ ಬೂಸ್ಟ್, ಅಂದರೆ ನೂಕಿದ ಗಾಳಿಯ ಹೆಚ್ಚುವರಿ ಒತ್ತಡ, 6 ಪಿಎಸ್‌ಐ (ಚದರ ಇಂಚಿಗೆ 6 ಪೌಂಡ್) ಬರುತ್ತದೆ. ಹೆಡ್ಡಿನಲ್ಲಿ ಇನ್‌ಟೇಕ್ ವಾಲ್ವ್ 1.94 ಇಂಚು, ಎಕ್ಸಾಸ್ಟ್ 1.50 ಇಂಚು. ವಾಲ್ವ್‌ಗಳನ್ನು ತೆರೆದು ಮುಚ್ಚುವ ಹಳೆಯ ಕ್ಯಾಮ್ ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್ಟಿನದು (ಟ್ಯಾಪೆಟ್ ಎಂದರೆ ಕ್ಯಾಮಿನ ಮೇಲೆ ಕೂತು ವಾಲ್ವ್ ಎತ್ತಿಸುವ ತುಂಡು), ಅದರ ಎರಡು ಲೋಬ್, ಅಂದರೆ ಉಬ್ಬು, ಸವೆದು ಮೂಗು ಮೊಂಡಾಗಿದೆ.

ಕ್ಯಾಮ್ ವಿಷಯದಲ್ಲಿ ಎರಡು ಆಯ್ಕೆಗಳು ಮುಂದಿವೆ. ಮೊದಲನೆಯದರಲ್ಲಿ 50 ಥೌ ಲಿಫ್ಟಿನಲ್ಲಿ ಅಳೆದ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕಿನ ಡಿಗ್ರಿಯಲ್ಲಿ) ಇನ್‌ಟೇಕಿಗೂ ಎಕ್ಸಾಸ್ಟಿಗೂ 230 ಡಿಗ್ರಿ, ಲೋಬ್‌ಗಳ ನಡುವಿನ ಕೋನ 108. ಎರಡನೆಯದರಲ್ಲಿ ಇನ್‌ಟೇಕ್ 214, ಎಕ್ಸಾಸ್ಟ್ 224, ಕೋನ 114. ಎರಡನ್ನೂ 4 ಡಿಗ್ರಿ ಮುಂದಿಟ್ಟು ಕೂರಿಸಬೇಕೆಂದು ಕ್ಯಾಮಿನ ಅಳತೆಯ ಕಾರ್ಡಿನಲ್ಲಿದೆ. ಗಿರಾಕಿಗೆ ಮೊದಲನೆಯದೇ ಬೇಕು, ಏಕೆಂದರೆ ಐಡಲಿನಲ್ಲಿ (ಥ್ರಾಟಲ್ ಬಿಟ್ಟು ನಿಧಾನವಾಗಿ ಓಡುವಾಗ) ಅದು ಗುಡುಗುಡು ಎನ್ನುವ ವಿಡಿಯೋ ನೋಡಿ ಮನಸೋತಿದ್ದಾರೆ. ನನಗೆ ಡೀಸೆಲ್ ಎಂಜಿನ್ ಎಷ್ಟು ಗೊತ್ತೋ ಇದು ಅಷ್ಟು ಗೊತ್ತಿಲ್ಲ. ದೋಣಿಯ ಅನುಭವವಂತೂ ಏನೇನೂ ಇಲ್ಲ. ನಮ್ಮ ಊರಿನ ಅಮಾನಿಕೆರೆಯಲ್ಲಿ ಪೆಡಲ್ ತುಳಿದದ್ದೇ ನನ್ನ ನೌಕಾಯಾನ. ಯಾವುದನ್ನು ಹಾಕಲಿ? ಇನ್ನೊಂದು ಮಾತು: ಹೊಸದನ್ನು ತರಿಸುವ ಬದಲು ಹಳೆಯ ಕ್ಯಾಮನ್ನೇ ಬೆಂಗಳೂರಿನಲ್ಲಿ ಗ್ರೈಂಡಿಂಗ್ ಮಾಡಿಸಿ ಈ ಅಳತೆಗೆ ತರಬಹುದೇ?

ಉತ್ತರ: ಕೆಜಿಎಫ್ ನಿವೃತ್ತ

ಲೇತ್‌ಮನೆಯವರೇ, ಪ್ರಶ್ನೆಯನ್ನು ಅಳತೆಗಳ ಸಮೇತ ಇಟ್ಟಿದ್ದೀರಿ, ಹಾಗಾಗಿ ಉತ್ತರವನ್ನೂ ಲೆಕ್ಕದಿಂದಲೇ ಶುರುಮಾಡುತ್ತೇನೆ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಮಣ್ಣೆತ್ತುವ ಯಂತ್ರಗಳ ಎಂಜಿನ್ ವಿಭಾಗದಲ್ಲಿ ಬದುಕಿನ ಬಹುಭಾಗ ಕಳೆದವನು ನಾನು. ಅಲ್ಲಿ ಕಲಿತ ಒಂದು ಅಭ್ಯಾಸವೆಂದರೆ, ಕ್ಯಾಮ್ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಡ್ಯುರೇಶನ್ ಅಂಕಿಯನ್ನು ಬದಿಗಿಟ್ಟು, ನಾಲ್ಕು ಘಟನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು: ಇನ್‌ಟೇಕ್ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಎಕ್ಸಾಸ್ಟ್ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ.

ನಿಮ್ಮ ಮೊದಲನೆಯ ಕ್ಯಾಮನ್ನು 4 ಡಿಗ್ರಿ ಮುಂದಿಟ್ಟರೆ ಇನ್‌ಟೇಕ್ ಲೋಬಿನ ನಡುಗೆರೆ 104ಕ್ಕೆ ಬರುತ್ತದೆ, ಎಕ್ಸಾಸ್ಟಿನದು 112ಕ್ಕೆ. 50 ಥೌ ಲೆಕ್ಕದಲ್ಲಿ ಇನ್‌ಟೇಕ್ ವಾಲ್ವ್ ಪಿಸ್ಟನ್ ಕೆಳತುದಿ ದಾಟಿದ 39 ಡಿಗ್ರಿಗೆ ಮುಚ್ಚುತ್ತದೆ, ಎಕ್ಸಾಸ್ಟ್ ಕೆಳತುದಿಗೆ 47 ಡಿಗ್ರಿ ಮೊದಲು ತೆರೆಯುತ್ತದೆ. ಎರಡನೆಯ ಕ್ಯಾಮಿನಲ್ಲಿ ನಡುಗೆರೆಗಳು 110 ಮತ್ತು 118. ಅದರ ಇನ್‌ಟೇಕ್ ಮುಚ್ಚುವುದು 37ಕ್ಕೆ, ಎಕ್ಸಾಸ್ಟ್ ತೆರೆಯುವುದು 50ಕ್ಕೆ. ಗಮನಿಸಿ: 230 ಎಂದರೆ ದೊಡ್ಡ ಕ್ಯಾಮ್, 214 ಎಂದರೆ ಸಣ್ಣದು ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಈ ಎರಡು ಹೊರ ಅಂಚುಗಳಲ್ಲಿ ಇವುಗಳ ನಡುವೆ ಇರುವ ಅಂತರ ಬರೀ ಎರಡು ಮೂರು ಡಿಗ್ರಿ. ಸಿಲಿಂಡರ್ ಎಷ್ಟು ಗಾಳಿಯನ್ನು ಹಿಡಿದು ಒತ್ತುತ್ತದೆ, ಉರಿಯ ಒತ್ತಡವನ್ನು ಎಷ್ಟು ಹೊತ್ತು ಬಳಸಿಕೊಳ್ಳುತ್ತದೆ ಎಂಬ ಎರಡು ಮುಖ್ಯ ವಿಷಯಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಮನೆಯವು.

ಹಾಗಾದರೆ ಉಳಿದ ಡಿಗ್ರಿಗಳೆಲ್ಲ ಎಲ್ಲಿ ಹೋದವು? ನಡುವಿಗೆ ಹೋದವು. ಮೊದಲನೆಯದರಲ್ಲಿ ಇನ್‌ಟೇಕ್ ಮೇಲ್ತುದಿಗೆ 11 ಡಿಗ್ರಿ ಮೊದಲೇ ತೆರೆಯುತ್ತದೆ, ಎಕ್ಸಾಸ್ಟ್ ಮೇಲ್ತುದಿ ದಾಟಿ 3 ಡಿಗ್ರಿಗೆ ಮುಚ್ಚುತ್ತದೆ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ 14 ಡಿಗ್ರಿ. ಎರಡನೆಯದರಲ್ಲಿ ಎಕ್ಸಾಸ್ಟ್ ಮೇಲ್ತುದಿಗೆ 6 ಡಿಗ್ರಿ ಮೊದಲೇ ಮುಚ್ಚುತ್ತದೆ, ಇನ್‌ಟೇಕ್ 3 ಡಿಗ್ರಿ ತಡವಾಗಿ ತೆರೆಯುತ್ತದೆ. ಅಂದರೆ ಓವರ್‌ಲ್ಯಾಪ್ ಮೈನಸ್ 9. 50 ಥೌಗಿಂತ ಕೆಳಗೂ ವಾಲ್ವ್ ಸ್ವಲ್ಪ ಎದ್ದೇ ಇರುವುದರಿಂದ ಓವರ್‌ಲ್ಯಾಪ್ ಪೂರ್ತಿ ಇಲ್ಲವೇ ಇಲ್ಲ ಎಂದಲ್ಲ. ಆದರೂ ಎರಡರ ನಡುವಿನ ಈ 23 ಡಿಗ್ರಿಯೇ ನಿಮ್ಮ ಇಡೀ ಪ್ರಶ್ನೆ.

ರೇಸಿನ ಕಾರಿಗೆ ಓವರ್‌ಲ್ಯಾಪ್ ಯಾಕೆ ಬೇಕೆಂದರೆ, ಉದ್ದನೆಯ ಬೇರೆ ಬೇರೆ ಪೈಪುಗಳ ಎಕ್ಸಾಸ್ಟಿನಲ್ಲಿ ಹೊರಹೋಗುವ ಹೊಗೆಯ ಸೆಳೆತವೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ನಿಮ್ಮ ಮುಂದಿರುವ ಎಂಜಿನ್ನಿಗೆ ಇರುವುದು ಸುತ್ತ ನೀರು ಹರಿಯುವ ಮೋಟು ಎರಕದ ಮ್ಯಾನಿಫೋಲ್ಡ್. ಅದರಲ್ಲಿ ಆ ಸೆಳೆತ ಹುಟ್ಟುವುದೇ ಇಲ್ಲ. ಅಲ್ಲದೆ ಗಾಳಿಯನ್ನು ಒಳಗೆ ನೂಕುವ ಕೆಲಸವನ್ನು ಬ್ಲೋಯರ್ ಮಾಡುತ್ತಿರುವಾಗ ಸೆಳೆತದ ಹಂಗೂ ಇಲ್ಲ. ಪೂರ್ತಿ ಥ್ರಾಟಲಿನಲ್ಲಿ ಓವರ್‌ಲ್ಯಾಪ್ ಇದ್ದರೆ ಆಗುವುದಿಷ್ಟೇ: 6 ಪಿಎಸ್‌ಐ ಒತ್ತಡದ ಪೆಟ್ರೋಲ್ ಬೆರೆತ ಗಾಳಿ ತೆರೆದ ಎಕ್ಸಾಸ್ಟ್ ವಾಲ್ವಿನ ಮೂಲಕ ಉರಿಯದೆ ನೇರವಾಗಿ ಹೊರಗೆ ನುಗ್ಗುತ್ತದೆ. ಬೆಲ್ಟು ತಿರುಗಿಸಲು ಕ್ರ್ಯಾಂಕಿನಿಂದ ಶಕ್ತಿ ಕಿತ್ತುಕೊಂಡು ಒತ್ತಿದ ಗಾಳಿಯನ್ನು ಸಮುದ್ರಕ್ಕೆ ಊದಿದ ಹಾಗೆ.

ಎಕ್ಸಾಸ್ಟ್ ಡ್ಯುರೇಶನ್ ಇನ್‌ಟೇಕಿಗಿಂತ 10 ಡಿಗ್ರಿ ಹೆಚ್ಚಿರುವುದೂ ಕಾರಣವಿಲ್ಲದೆ ಅಲ್ಲ. 6 ಪಿಎಸ್‌ಐ ಬೂಸ್ಟ್ ಎಂದರೆ ಒಳಗಿನ ಒತ್ತಡ ವಾತಾವರಣಕ್ಕಿಂತ ನೂರಕ್ಕೆ 40ರಷ್ಟು ಹೆಚ್ಚು. ಒಳಬರುವುದಕ್ಕೆ ಬ್ಲೋಯರಿನ ನೂಕು ಇದೆ. ಹೊರಹೋಗುವುದಕ್ಕೆ ಮಾತ್ರ ಅದೇ ಒಂದೂವರೆ ಇಂಚಿನ ವಾಲ್ವೇ ಗತಿ. ಅದಕ್ಕೆ ಹೆಚ್ಚು ಹೊತ್ತು ಬಾಗಿಲು ತೆರೆದಿಡುವುದು ನ್ಯಾಯ.

ಗ್ರೈಂಡಿಂಗ್ ವಿಚಾರ. ಖಂಡಿತ ಬೇಡ. ಫ್ಲಾಟ್ ಟ್ಯಾಪೆಟ್ ಎಂಬ ಹೆಸರೇ ಸುಳ್ಳು. ಟ್ಯಾಪೆಟ್ಟಿನ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಲೋಬಿನ ಮುಖ ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಆ ಓರೆಯಿಂದಲೇ ಟ್ಯಾಪೆಟ್ ತನ್ನ ಗೂಡಿನಲ್ಲಿ ನಿಧಾನವಾಗಿ ಸುತ್ತುತ್ತಿರುತ್ತದೆ. ಗ್ರೈಂಡಿಂಗ್ ಕಲ್ಲನ್ನು ನೇರವಾಗಿ ಡ್ರೆಸ್ ಮಾಡಿ ಲೋಬನ್ನು ಸಮತಟ್ಟಾಗಿ ಉಜ್ಜಿಬಿಟ್ಟರೆ ಟ್ಯಾಪೆಟ್ ಸುತ್ತುವುದು ನಿಲ್ಲುತ್ತದೆ, ಒಂದೇ ಗೆರೆಯಲ್ಲಿ ಉಜ್ಜಿ ಉಜ್ಜಿ ಅರ್ಧ ಗಂಟೆಯೊಳಗೆ ಲೋಬನ್ನು ತಿಂದುಹಾಕುತ್ತದೆ. ಈಗ ಸವೆದಿರುವ ಎರಡು ಲೋಬಿನ ಟ್ಯಾಪೆಟ್ ತೆಗೆದು ಅದರ ತಳದ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ, ತಳ ತಟ್ಟೆಯ ಹಾಗೆ ಒಳಗೆ ಬಗ್ಗಿರುತ್ತದೆ. ಹೊಸ ಫ್ಲಾಟ್ ಕ್ಯಾಮ್ ಹಾಕುವುದಾದರೆ ಹದಿನಾರೂ ಟ್ಯಾಪೆಟ್ ಹೊಸದೇ ಇರಬೇಕು.

ಆರ್ಡರ್ ಮಾಡುವ ಮೊದಲು ಒಂದು ಎಚ್ಚರಿಕೆ. ಜೋಡಿ ಎಂಜಿನ್ನಿನ ಕೆಲವು ದೋಣಿಗಳಲ್ಲಿ ಒಂದು ಎಂಜಿನ್ ಉಲ್ಟಾ ತಿರುಗುತ್ತದೆ. ಅದರ ಕ್ಯಾಮ್ ಏರ್ಪಾಡೂ ಫೈರಿಂಗ್ ಆರ್ಡರೂ ಬೇರೆ. ನಿಮ್ಮದು ಯಾವ ಕಡೆ ತಿರುಗುವ ಎಂಜಿನ್ ಎಂದು ಖಚಿತ ಮಾಡಿಕೊಳ್ಳಿ.

ಉತ್ತರ: ಗೌರಿಬಿದನೂರು ಕಡಲಾಚೆ

ನಿವೃತ್ತ ಸರ್ ಬರೆದದ್ದು ಪೂರ್ತಿ ಥ್ರಾಟಲಿನ ಕಥೆ. ದೋಣಿಯ ಎಂಜಿನ್ ಸಾಯುವುದು ಐಡಲಿನಲ್ಲಿ. ಗೌರಿಬಿದನೂರಿನ ಐಟಿಐ ಹುಡುಗನಾದ ನಾನು ಕೊಲ್ಲಿ ದೇಶವೊಂದರ ದೋಣಿ ರಿಪೇರಿ ಯಾರ್ಡಿನಲ್ಲಿ ಒಂಬತ್ತು ವರ್ಷ ದುಡಿದು ಈಗ ಊರಿಗೆ ಮರಳಿದ್ದೇನೆ. ಅಲ್ಲಿ ನನ್ನ ಕೈಯಾರೆ ಆದ ಒಂದು ಎಡವಟ್ಟನ್ನು ಹೇಳಿಬಿಡುತ್ತೇನೆ, ನಿಮ್ಮ ಗಿರಾಕಿಗೂ ಓದಿ ಹೇಳಿ.

ದೋಣಿಯಲ್ಲಿ ಎಂಜಿನ್ ಇರುವುದು ಮರ, ಫೈಬರಿನ ಪೆಟ್ಟಿಗೆಯೊಳಗೆ. ಕೆಂಪಗೆ ಕಾಯುವ ಎಕ್ಸಾಸ್ಟ್ ಪೈಪನ್ನು ಅಲ್ಲಿ ಇಡಲಾಗದ ಕಾರಣ, ಮ್ಯಾನಿಫೋಲ್ಡಿನ ಮೇಲಿರುವ ಬಾಗುಕೊಳವೆಯಲ್ಲಿ ಎಂಜಿನ್ ತಂಪು ಮಾಡಿ ಬಂದ ನೀರನ್ನು ಹೊಗೆಗೇ ಬೆರೆಸಿ ಹೊರಗೆ ಬಿಡುತ್ತಾರೆ. ಅಂದರೆ ಎಕ್ಸಾಸ್ಟ್ ವಾಲ್ವಿಗೂ ಹರಿಯುವ ಸಮುದ್ರದ ನೀರಿಗೂ ನಡುವೆ ಇರುವುದು ಮೊಣಕೈಯುದ್ದದ ಕೊಳವೆ ಮಾತ್ರ. ಐಡಲಿನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಇರುತ್ತದೆ. ಆಗ ಎರಡೂ ವಾಲ್ವ್ ಒಟ್ಟಿಗೆ ತೆರೆದರೆ ಎಕ್ಸಾಸ್ಟಿನ ಹೊಗೆ ಹಿಂದಕ್ಕೆ, ಸಿಲಿಂಡರಿನ ಕಡೆಗೆ ಸೆಳೆಯಲ್ಪಡುತ್ತದೆ. ಹೊಗೆಯ ಜೊತೆ ನೀರಿನ ಹನಿಗಳೂ ಬರುತ್ತವೆ.

ನಾನು ಹಾಕಿದ್ದು ನಿಮ್ಮ ಮೊದಲನೆಯದರ ಅಣ್ಣತಮ್ಮನಂಥ ಒಂದು ಕ್ಯಾಮ್, ಕೋನ 108ರದೇ. ಮಾಲೀಕರಿಗೆ ಸದ್ದು ಬಹಳ ಹಿಡಿಸಿತು, ನನ್ನ ಬೆನ್ನೂ ತಟ್ಟಿದರು. ಜೆಟ್ಟಿಯ ಬಳಿ ಗಂಟೆಗಟ್ಟಲೆ ಐಡಲಿನಲ್ಲೇ ಬಿಟ್ಟು ಜನರಿಗೆ ಆ ಸದ್ದು ಕೇಳಿಸುವುದೇ ಅವರ ಸಂತೋಷವಾಗಿತ್ತು. ಐದಾರು ವಾರಗಳಲ್ಲಿ ಎರಡು ಸಿಲಿಂಡರ್ ಮಿಸ್ ಹೊಡೆಯತೊಡಗಿತು. ಪ್ಲಗ್ ಬಿಚ್ಚಿದರೆ ಅದರ ಕಾಲಿನ ಮೇಲೆ ಕೆಂಪು ತುಕ್ಕು. ಬಾಗುಕೊಳವೆ ಕಳಚಿ ಟಾರ್ಚ್ ಬಿಟ್ಟು ನೋಡಿದರೆ ಪೋರ್ಟಿನ ಒಳಗೆ ವಾಲ್ವಿನ ತನಕ ಉಪ್ಪಿನ ಬಿಳಿಯ ಗೆರೆಗಳು, ಮಳೆಗಾಲದಲ್ಲಿ ಸೋರಿದ ಗೋಡೆಯ ಮೇಲೆ ಇಳಿದಿರುತ್ತವಲ್ಲ, ಹಾಗೆ. ಆಗಲೂ ನನಗೆ ಬುದ್ಧಿ ಬರಲಿಲ್ಲ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿರಬೇಕೆಂದು ಅದನ್ನು ಬದಲಿಸಿ, ವಾಲ್ವ್ ಲ್ಯಾಪಿಂಗ್ ಮಾಡಿ ಮತ್ತೆ ಕಟ್ಟಿದೆ. ಮುಂದಿನ ಸಲ ಸ್ಟಾರ್ಟರ್ ಒತ್ತಿದಾಗ ಟಕ್ ಎಂದು ನಿಂತಿತು. ಒಂದು ಸಿಲಿಂಡರ್ ನೀರು ಕುಡಿದಿತ್ತು, ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಆ ತಿಂಗಳ ಸಂಬಳ ಎಲ್ಲಿ ಹೋಯಿತೆಂದು ಬರೆಯಬೇಕಾಗಿಲ್ಲ.

ಹಾಗಾಗಿ ನೀರಿನ ಎಕ್ಸಾಸ್ಟ್ ಇರುವ ಎಂಜಿನ್ನಿಗೆ ಕೋನ 112ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ, ಬ್ಲೋಯರ್ ಇದ್ದರೆ 114ನ್ನೇ ಕೇಳುತ್ತೇನೆ. ಬಾಗುಕೊಳವೆಯ ಕೆಳಗೆ ಎತ್ತರಿಸುವ ರೈಸರ್ ತುಂಡು ಹಾಕಿ ನೀರು ಬೆರೆಯುವ ಜಾಗವನ್ನು ಇನ್ನಷ್ಟು ದೂರ ಮಾಡಿದರೆ ಮತ್ತೂ ಕ್ಷೇಮ.

ಗೇರಿನ ವಿಷಯವನ್ನೂ ನೋಡಬೇಕು. ಪ್ರೊಪೆಲರ್ ತಿರುಗಿಸುವ ಹಿಂಬದಿಯ ಡ್ರೈವಿನಲ್ಲಿ ಕಾರಿನ ಹಾಗೆ ಕ್ಲಚ್ ಪೆಡಲ್ ಇಲ್ಲ. ಮರ್ಕ್ರೂಸರ್ ಕಂಪನಿಯ ಆಲ್ಫಾ ಡ್ರೈವ್ ಆಗಿದ್ದರೆ ಒಳಗಿರುವುದು ಹಲ್ಲಿಗೆ ಹಲ್ಲು ಕಚ್ಚುವ ಡಾಗ್ ಕ್ಲಚ್. ಎಂಜಿನ್ 650 ಆರ್‌ಪಿಎಂ ಆಸುಪಾಸಿನಲ್ಲಿ ಸಮನಾಗಿ ಐಡಲ್ ಆದರೆ ಗೇರ್ ಮೆತ್ತಗೆ ಬೀಳುತ್ತದೆ. ಗುಡುಗುಡು ಕ್ಯಾಮ್ ಹಾಕಿ, ನಿಲ್ಲಬಾರದೆಂದು ಐಡಲನ್ನು 1000ಕ್ಕೆ ಏರಿಸಿದರೆ ಪ್ರತಿಸಲವೂ ಸುತ್ತಿಗೆಯಿಂದ ಹೊಡೆದ ಹಾಗೆ ಬೀಳುತ್ತದೆ, ಜೆಟ್ಟಿಯ ಪಕ್ಕದಲ್ಲಿ ದೋಣಿ ಹತೋಟಿಗೆ ಸಿಗುವುದಿಲ್ಲ. ಆಲ್ಫಾ ಡ್ರೈವನ್ನು ಸಾಮಾನ್ಯವಾಗಿ 300 ಅಶ್ವಶಕ್ತಿಯ ಒಳಗಿನ ಎಂಜಿನ್ನಿಗೆ ಕೊಡುತ್ತಿದ್ದರು, ಬೂಸ್ಟ್ ಬಂದ ಮೇಲೆ ನಿಮ್ಮದು ಅದನ್ನು ದಾಟುತ್ತದೆ. ಇದನ್ನು ಗಿರಾಕಿಗೆ ಈಗಲೇ ಹೇಳಿಡಿ.

ಉತ್ತರ: ಚಿಂತಾಮಣಿ ರಿಗ್

ನಾನು ಬೋರ್‌ವೆಲ್ ಲಾರಿ ಇಟ್ಟುಕೊಂಡವನು, ದೋಣಿ ಕಂಡವನಲ್ಲ. ಆದರೆ ಓದುತ್ತಾ ಹೋದಂತೆ ಈ ಎಂಜಿನ್ನಿನ ಬದುಕು ನಮ್ಮ ಕಂಪ್ರೆಸರ್ ಎಂಜಿನ್ನಿನ ಬದುಕೇ ಎನ್ನಿಸಿತು. ನಮ್ಮ ಕಡೆ 1200 ಅಡಿ ಇಳಿದರೂ ನೀರು ಸಿಗದ ಜಾಗಗಳಿವೆ. ರಾತ್ರಿಯೆಲ್ಲ ಒಂದೇ ಆರ್‌ಪಿಎಂನಲ್ಲಿ, ಒಂದೇ ಲೋಡಿನಲ್ಲಿ ಎಂಜಿನ್ ದುಡಿಯುತ್ತಿರುತ್ತದೆ. ಕಾರಿಗೆ ಇಳಿಜಾರು ಸಿಗುತ್ತದೆ, ಸಿಗ್ನಲ್ ಸಿಗುತ್ತದೆ. ದೋಣಿಗೆ ಅದೆಲ್ಲ ಎಲ್ಲಿದೆ? ಲೋಡ್ ಹೊತ್ತು ನಂದಿ ಬೆಟ್ಟವನ್ನು ಇಡೀ ದಿನ ಹತ್ತುತ್ತಲೇ ಇರುವ ಲಾರಿಯ ಹಾಗೆ ಅದು. ಆದ್ದರಿಂದ ಬೋರಿಂಗ್ ಮುಗಿದ ಮೇಲೆ ಪಿಸ್ಟನ್ನಿನ ಮೇಲಿನ ರಿಂಗಿನ ಬಾಯಿಯನ್ನು (ಎರಡು ತುದಿಗಳ ನಡುವಿನ ಸಂದನ್ನು) ಮಾಮೂಲಿಗಿಂತ ಅಗಲ ಬಿಡಿ. ಬೂಸ್ಟ್ ಎಂಜಿನ್ನಿಗೆ ಬೋರಿನ ಪ್ರತಿ ಇಂಚಿಗೆ 6 ಥೌ ಲೆಕ್ಕ ಹಿಡಿದರೆ ನಿಮ್ಮ 4.03 ಇಂಚಿಗೆ 24 ಥೌ ಬರುತ್ತದೆ. ಬಾಯಿ ಕಿರಿದಾಗಿದ್ದರೆ ಕಾವಿಗೆ ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿ ಪಿಸ್ಟನ್ನಿನ ತಲೆಯನ್ನೇ ಕಿತ್ತುಕೊಂಡು ಬರುತ್ತವೆ. ಆಯಿಲ್ ಕೂಲರ್ ಮರೆಯಬೇಡಿ.

ಪ್ರಶ್ನಿಸಿದವರು: ತುಮಕೂರು ಲೇತ್‌ಮನೆ

ಎಲ್ಲರಿಗೂ ಕೃತಜ್ಞತೆಗಳು. ಗೌರಿಬಿದನೂರಿನವರ ಬರಹವನ್ನು ಗಿರಾಕಿಗೆ ಫೋನಿನಲ್ಲಿ ಓದಿ ಹೇಳಿದೆ. ರಾಡ್ ಬಗ್ಗಿದ ಜಾಗಕ್ಕೆ ಬಂದಾಗ ಆ ಕಡೆ ಮೌನ. ಎರಡನೆಯ ಕ್ಯಾಮೇ ಆಗಲಿ ಎಂದರು, ಸ್ವಲ್ಪ ಬೇಸರದಿಂದ.

ತಿರುಗುವ ದಿಕ್ಕನ್ನು ನೋಡಿದೆ. ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತದೆ, ಡಿಸ್ಟ್ರಿಬ್ಯೂಟರ್ ವೈರುಗಳೂ 1-8-4-3-6-5-7-2ರ ಮಾಮೂಲಿ ಕ್ರಮದಲ್ಲೇ ಇದ್ದವು. ದೋಣಿಯಲ್ಲಿ ಇರುವುದು ಒಂದೇ ಎಂಜಿನ್.

ಇನ್ನು ಮೂರು ಸಂದೇಹಗಳಿವೆ. ಈಗಿನ ಪಿಸ್ಟನ್ ಲೆಕ್ಕದಲ್ಲಿ ಕಂಪ್ರೆಶನ್ ಅನುಪಾತ 8.6 ಬರುತ್ತಿದೆ, ಅಷ್ಟೇ ಇಡಬಹುದೇ? ವಾಲ್ವ್ ಸ್ಪ್ರಿಂಗ್ ಹಳೆಯದೇ ಸಾಕೇ? ಎಂಜಿನ್ನನ್ನು ಇಲ್ಲೇ ಸ್ಟ್ಯಾಂಡಿನ ಮೇಲೆ ಓಡಿಸಿ, ಕಾರ್ಬುರೇಟರ್ ಹೊಂದಿಸಿ ಕಳಿಸಿದರೆ ಸಾಕೇ, ಇಲ್ಲ ಮಂಗಳೂರಿಗೆ ನಾನೇ ಹೋಗಬೇಕೇ?

ಉತ್ತರ: ಕೆಜಿಎಫ್ ನಿವೃತ್ತ

8.6ನ್ನು 6 ಪಿಎಸ್‌ಐಗೆ ಲೆಕ್ಕ ಹಾಕಿ. 6ನ್ನು ವಾತಾವರಣದ 14.7ರಿಂದ ಭಾಗಿಸಿ 1 ಕೂಡಿದರೆ 1.41, ಅದರಿಂದ 8.6ನ್ನು ಗುಣಿಸಿದರೆ ಸುಮಾರು 12.1. ಇದು ಒರಟು ಲೆಕ್ಕವೇ ಹೌದು, ಆದರೂ ಅಂದಾಜಿಗೆ ಸಾಕು. ಕಾರಿನಲ್ಲಿ ಹತ್ತು ಸೆಕೆಂಡು ಬೂಸ್ಟ್ ಬಂದು ಇಳಿಯುವುದಾದರೆ ಒಳ್ಳೆಯ ಪೆಟ್ರೋಲಿನಲ್ಲಿ 12ನ್ನು ಹೇಗೋ ಸಂಭಾಳಿಸಬಹುದು. ಚಿಂತಾಮಣಿಯವರು ಹೇಳಿದ ಹಾಗೆ ಇಡೀ ದಿನ ಬೆಟ್ಟ ಹತ್ತುವ ಎಂಜಿನ್ನಿಗೆ ಅದು ದುಬಾರಿ. ಹೇಗೂ ಬೋರ್ ಮಾಡುತ್ತಿದ್ದೀರಿ, ಪಿಸ್ಟನ್ ಹೊಸದೇ ಬರಬೇಕು. ತಲೆಯಲ್ಲಿ ತಗ್ಗು ಇರುವ ಫೋರ್ಜ್ಡ್ ಪಿಸ್ಟನ್ ತರಿಸಿ ಕಂಪ್ರೆಶನ್ನನ್ನು 8ಕ್ಕೆ ಇಳಿಸಿ. ಆಗ ಅದೇ ಲೆಕ್ಕ 11.3ಕ್ಕೆ ಬರುತ್ತದೆ. ಎಕ್ಸಾಸ್ಟ್ ಸದ್ದಿನ ನಡುವೆ ದೋಣಿಯಲ್ಲಿ ನಾಕಿಂಗ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವ ಸದ್ದು) ಕಿವಿಗೆ ಬೀಳುವುದೇ ಇಲ್ಲ, ಕೇಳಿಸುವಷ್ಟರಲ್ಲಿ ಪಿಸ್ಟನ್ ಹೋಗಿರುತ್ತದೆ. ಬ್ಲೋಯರ್ ಪುಸ್ತಕದಲ್ಲಿ ಅಮೆರಿಕದ 91 ಆಕ್ಟೇನ್ ಬೇಕೆಂದು ಬರೆದಿದ್ದರೆ ನಮ್ಮ 91 ಅದಲ್ಲ ಎಂಬುದು ನೆನಪಿರಲಿ. ಅವರು ಅಳೆಯುವ ಪದ್ಧತಿ ಬೇರೆ. ಅವರ 91 ಎಂದರೆ ನಮ್ಮ ಲೆಕ್ಕದ 95ರ ಆಸುಪಾಸು.

ಸ್ಪ್ರಿಂಗ್ ಬದಲಿಸಲೇಬೇಕು. 1.94 ಇಂಚಿನ ವಾಲ್ವಿನ ಮುಖ ಸುಮಾರು 3 ಚದರ ಇಂಚು. ಅದರ ಬೆನ್ನಿಗೆ 6 ಪಿಎಸ್‌ಐ ಒತ್ತಿದರೆ 18 ಪೌಂಡ್, ಅಂದರೆ 8 ಕಿಲೋ ಭಾರ ವಾಲ್ವನ್ನು ಸೀಟಿನಿಂದ ಎಬ್ಬಿಸಲು ನೋಡುತ್ತಿರುತ್ತದೆ. ಸೀಟಿನ ಮೇಲಿನ ಸ್ಪ್ರಿಂಗ್ ಬಿಗಿಯಲ್ಲಿ ಅಷ್ಟನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಎಕ್ಸಾಸ್ಟ್ ವಾಲ್ವಿಗೆ ಇನ್‌ಕೊನೆಲ್ ಲೋಹದ್ದು ಸಿಕ್ಕರೆ ಹಣ ನೋಡಬೇಡಿ.

ಮಂಗಳೂರಿಗೆ ನೀವು ಹೋಗಲೇಬೇಕು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಅಲ್ಲಿಯ ಗಾಳಿಯ ಒತ್ತಡ ಕಡಲತೀರಕ್ಕಿಂತ ನೂರಕ್ಕೆ ಒಂಬತ್ತರಷ್ಟು ಕಡಿಮೆ. ತುಮಕೂರಿನಲ್ಲಿ ಸರಿಹೊಂದಿಸಿದ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಮಂಗಳೂರಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಕಡಿಮೆ ಕೊಟ್ಟ ಹಾಗಾಗುತ್ತದೆ, ಬೂಸ್ಟ್ ಎಂಜಿನ್ನಿಗೆ ಅದೇ ಮೃತ್ಯು. ಅಲ್ಲದೆ ಪ್ರೊಪೆಲರ್ ಕೇಳುವ ಶಕ್ತಿ ಆರ್‌ಪಿಎಂನ ಘನದ ಲೆಕ್ಕದಲ್ಲಿ ಏರುತ್ತದೆ: 4600ರಲ್ಲಿ ಪೂರ್ತಿ ಶಕ್ತಿ ಬೇಕಾದರೆ 3500ರಲ್ಲಿ ಅದರ ನೂರಕ್ಕೆ 44 ಸಾಕು. ಸ್ಟ್ಯಾಂಡಿನ ಮೇಲೆ ಲೋಡ್ ಇಲ್ಲದೆ ಎಷ್ಟು ಗರ್ ಎನಿಸಿದರೂ ಆ ಕೊನೆಯ ಸಾವಿರ ಆರ್‌ಪಿಎಂನ ಕಷ್ಟ ನಿಮಗೆ ಕಾಣಿಸುವುದಿಲ್ಲ. ಇಲ್ಲಿಂದ ಜೆಟ್ ದಪ್ಪವೇ ಇಟ್ಟು, ಇಗ್ನಿಷನ್ ಟೈಮಿಂಗ್ ಹಿಂದಕ್ಕೇ ಇಟ್ಟು ಕಳಿಸಿ. ಅಲ್ಲಿ ನೀರಿನಲ್ಲಿ ಓಡಿಸಿ, ಪ್ಲಗ್ ಬಣ್ಣ ನೋಡಿ ಒಂದೊಂದೇ ಹೆಜ್ಜೆ ತೆಳುಮಾಡಿ.

ಕೊನೆಗೆ ಒಂದು ವಿಷಯ. ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆದು ಟ್ಯಾಪೆಟ್ ಕಣಿವೆಯಲ್ಲಿ ನೋಡಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒಂದೇ ತುಂಡಿನದಾಗಿದ್ದರೆ ನಿಮ್ಮದು 1986ರಿಂದೀಚಿನ ಬ್ಲಾಕ್. ಅವುಗಳಲ್ಲಿ ಹಲವಕ್ಕೆ ರೋಲರ್ ಟ್ಯಾಪೆಟ್ (ತಳದಲ್ಲಿ ಉರುಳುವ ಚಕ್ರವಿರುವ ಟ್ಯಾಪೆಟ್) ಹಿಡಿದಿಡುವ ಪಟ್ಟಿ ಕೂರಿಸಲು ಎರಕದಲ್ಲೇ ಗುಬ್ಬಿಗಳಿರುತ್ತವೆ. ಇದ್ದರೆ ಇದೇ ಅಳತೆಯ ಹೈಡ್ರಾಲಿಕ್ ರೋಲರ್ ಕ್ಯಾಮ್ ತರಿಸಿ. ಫ್ಲಾಟ್ ಕ್ಯಾಮ್ ಆದರೆ ಮೊದಲ ಸಲ ಎಂಜಿನ್ ಹತ್ತಿಕೊಂಡ ಕ್ಷಣದಿಂದಲೇ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಿ ಲೋಬ್ ಪಳಗಿಸಬೇಕು, ಸತುವಿನ ಅಂಶ ಹೆಚ್ಚಿರುವ ಆಯಿಲ್ ಹುಡುಕಬೇಕು. ರೋಲರಿಗೆ ಆ ತಾಪತ್ರಯವಿಲ್ಲ. ಡಿಸ್ಟ್ರಿಬ್ಯೂಟರಿನ ಗೇರ್ ಮಾತ್ರ ಆ ಕ್ಯಾಮಿನ ಲೋಹಕ್ಕೆ ಹೊಂದುವಂಥದ್ದೇ ಇರಲಿ, ಉಕ್ಕಿನ ಕ್ಯಾಮ್ ಬೀಡಿನ ಗೇರನ್ನು ಅರೆದುಬಿಡುತ್ತದೆ.

ಉತ್ತರ: ಗೌರಿಬಿದನೂರು ಕಡಲಾಚೆ

ಮಂಗಳೂರಿಗೆ ಹೋದಾಗ ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸಿ. ಈಗಿನ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರಿಕೊಂಡು, ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಪಂಪು ಮೊದಲು ಎಳೆಯುವುದು ಅದನ್ನೇ. ಹಳೆಯ ಕಾರ್ಬುರೇಟರಿಗೆ ಎಥನಾಲ್ ಪೆಟ್ರೋಲೆಂದರೆ ಮಿಶ್ರಣ ಇನ್ನಷ್ಟು ತೆಳುವಾದಂತೆಯೇ ಲೆಕ್ಕ, ಸರ್ ಹೇಳಿದ ಒಂಬತ್ತರ ಜೊತೆ ಇದನ್ನೂ ಸೇರಿಸಿಕೊಳ್ಳಿ. ತುಮಕೂರಿನಲ್ಲಿ ಓಡಿಸುವಾಗ ನೀರೆಳೆಯುವ ಪಂಪಿಗೆ ಹೊರಗಿನಿಂದ ನೀರು ಕೊಡದೆ ಒಂದು ಕ್ಷಣವೂ ಸ್ಟಾರ್ಟ್ ಮಾಡಬೇಡಿ, ಒಳಗಿನ ರಬ್ಬರ್ ರೆಕ್ಕೆ ಒಣಗಿ ತಿರುಗಿದರೆ ಆಗಲೇ ಸುಟ್ಟು ಹರಿಯುತ್ತದೆ.

ಪ್ರಶ್ನಿಸಿದವರು: ತುಮಕೂರು ಲೇತ್‌ಮನೆ

ಮ್ಯಾನಿಫೋಲ್ಡ್ ತೆಗೆದು, ಕಣಿವೆಯಲ್ಲಿ ಗಟ್ಟಿಯಾಗಿದ್ದ ಕಪ್ಪು ಆಯಿಲ್ ಕೆರೆದು ನೋಡಿದೆ. ಸೀಲ್ ಒಂದೇ ತುಂಡಿನದು. ಗುಬ್ಬಿಗಳಿವೆ, ಆದರೆ ಕಾರ್ಖಾನೆಯಲ್ಲಿ ಅವಕ್ಕೆ ತೂತು ಹಾಕಿಲ್ಲ. ಡ್ರಿಲ್ ಮಾಡಿ ಟ್ಯಾಪ್ ಹಾಕುವುದು ನನಗೆ ಊಟ ಮಾಡಿದಷ್ಟೇ ಸಲೀಸು. ಈ ಇಡೀ ಎಂಜಿನ್ನಿನಲ್ಲಿ ಯಾರನ್ನೂ ಕೇಳದೆ ಮಾಡಬಲ್ಲ ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. 214, 224, ಕೋನ 114ರ ರೋಲರ್ ಕ್ಯಾಮ್, ಅದಕ್ಕೆ ಹೊಂದುವ ಸ್ಪ್ರಿಂಗ್, ಡಿಸ್ಟ್ರಿಬ್ಯೂಟರ್ ಗೇರ್, 8ರ ಕಂಪ್ರೆಶನ್ನಿನ ಪಿಸ್ಟನ್‌ಗಳಿಗೆ ಆರ್ಡರ್ ಕೊಟ್ಟಾಯಿತು.

ಬಂದ ಮೇಲೆ ಡಿಗ್ರಿ ವೀಲ್ ಕಟ್ಟಿ, ಇನ್‌ಟೇಕ್ ನಿಜವಾಗಿಯೂ 37ಕ್ಕೆ ಮುಚ್ಚುತ್ತದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಿಯೇ ಚೈನ್ ಬಿಗಿಯುತ್ತೇನೆ. ಪಿಸ್ಟನ್ ತಲೆಗೂ ವಾಲ್ವಿಗೂ ಇರುವ ಸಂದನ್ನು ಅಳೆಯಲು ಮಗಳ ಶಾಲೆಯ ಜೇಡಿಮಣ್ಣಿನ ಡಬ್ಬಿಯನ್ನು ಕೇಳಿಟ್ಟಿದ್ದೇನೆ; ಒತ್ತಿದ ಮಣ್ಣನ್ನು ಕೊಯ್ದು ನೋಡಿದಾಗ ಇನ್‌ಟೇಕ್ ಕಡೆ 80 ಥೌ, ಎಕ್ಸಾಸ್ಟ್ ಕಡೆ 100 ಥೌಗಿಂತ ಕಡಿಮೆ ಬಂದರೆ ಮತ್ತೆ ಇಲ್ಲಿ ಬಂದು ಕೇಳುತ್ತೇನೆ. ನೀರಿಗೆ ಸಾವಿರ ಲೀಟರಿನ ಸಿಂಟೆಕ್ಸ್ ಡ್ರಮ್ ಬಾಗಿಲ ಬಳಿ ಇಡಿಸಿದ್ದೇನೆ. ಗಿರಾಕಿ ಮಾತ್ರ ಇನ್ನೂ ಬಿಟ್ಟಿಲ್ಲ, ಬ್ಲೋಯರ್ ಬೆಲ್ಟಿನ ಕುಯ್ಯೋ ಸದ್ದಾದರೂ ಚೆನ್ನಾಗಿ ಕೇಳಿಸುತ್ತದೆಯೇ ಎಂದು ನಿನ್ನೆ ಸಂಜೆ ಮತ್ತೆ ಫೋನ್ ಮಾಡಿದ್ದರು.